ಕಾಲಂ ಒಂದೇ, ತಂದೆತಾಯಿ ಇಬ್ಬರು



ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಸಿಇಟಿ ಅರ್ಜಿಯ ಗಡಿಬಿಡಿ. ಸೈಬರ್ ಸೆಂಟರಿನ ಮುಂದೆ ಪಾಲಕರ ಸಾಲು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಒತ್ತಿದರೆ ಸಾಕು, ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡಿಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ನಾವು ಇಂಜಿನಿಯರಿಂಗ್ ಸೇರಿದ ಕಾಲದಲ್ಲಿ ಇದೇ ಕಾಗದಕ್ಕೆ ತಾಲೂಕು ಕಚೇರಿಗೆ ನಾಲ್ಕು ಸಲ ಎಡತಾಕಬೇಕಿತ್ತು. ಆದರೆ ಅಂದಿಗೂ ಇಂದಿಗೂ ಬದಲಾಗದ ಸಂಗತಿ ಒಂದಿದೆ. ಅರ್ಜಿಯಲ್ಲಿ ಜಾತಿಗೆ ಇರುವ ಕಾಲಂ ಒಂದೇ. ತಂದೆಯದು ಒಂದು ಜಾತಿ, ತಾಯಿಯದು ಇನ್ನೊಂದು ಆದಾಗ ಆ ಮಗು ಅಲ್ಲಿ ಏನು ಬರೆಯಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಬೇರೆ ಯಾರಿಗಿಂತಲೂ ನಮಗೆ ಹೆಚ್ಚು. ಅಂತರ್ಜಾತಿ ವಿವಾಹವಾಗಿ ಎಂದು ವೇದಿಕೆಯ ಮೇಲಿಂದ ಹೇಳುತ್ತ ಬಂದವರು ನಾವು. ಸಾಮೂಹಿಕ ಕಲ್ಯಾಣ ಮಹೋತ್ಸವಗಳಲ್ಲಿ ಅಂಥ ಜೋಡಿಗಳಿಗೆ ಪೂಜ್ಯರಿಂದ ಹಾರ ಹಾಕಿಸಿ, ಈ ಪತ್ರಿಕೆಯಲ್ಲೇ ಭಾವಚಿತ್ರ ಅಚ್ಚು ಮಾಡಿದ್ದೇವೆ. ಸರ್ಕಾರವೂ ಹಿಂದೆ ಬಿದ್ದಿಲ್ಲ. ದಲಿತರನ್ನು ಬಾಳಸಂಗಾತಿಯಾಗಿ ಆರಿಸಿಕೊಂಡ ಜೋಡಿಗೆ ಕೇಂದ್ರದ ಡಾ. ಅಂಬೇಡ್ಕರ್ ಪ್ರತಿಷ್ಠಾನದ ಯೋಜನೆಯಲ್ಲಿ 2.5 ಲಕ್ಷ ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿತ್ತು. ಹಾರ ಬಾಡುತ್ತದೆ, ಹಣ ಖರ್ಚಾಗುತ್ತದೆ. ಹದಿನೆಂಟು ವರ್ಷಗಳ ನಂತರ ಆ ಮನೆಯ ಮಗು ಅರ್ಜಿ ತುಂಬಲು ಕುಳಿತಾಗ ಅದರ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯನ್ನು, ಅದಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಗೆ ಗುರಿಯಾದದ್ದನ್ನು ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಪ್ರತಿ ಬಸವ ಜಯಂತಿಯಲ್ಲಿ ಹೇಳುತ್ತೇವೆ. ಆದರೆ ಆ ಕಥೆಯನ್ನು ನಾವು ಮದುವೆಯ ತನಕ ಮಾತ್ರ ಹೇಳುತ್ತೇವೆ. ಆಸ್ಥಾನದವರನ್ನು ನಿಜವಾಗಿ ಕೆರಳಿಸಿದ್ದು ಮದುವೆಯಲ್ಲ, ಆ ಮದುವೆಯಿಂದ ಹುಟ್ಟಬಹುದಾಗಿದ್ದ ಮಗು ಎಂದು ನನಗೆ ಅನ್ನಿಸುತ್ತದೆ. ಮದುವೆ ಒಂದು ದಿನದ ಮಾತು. ಮಗು ಹುಟ್ಟಿದರೆ ಕುಲಗಳ ಪಟ್ಟಿಯೇ ಕೆಡುತ್ತದೆ, ಆ ಮಗುವನ್ನು ಯಾವ ಕೇರಿಗೆ ಸೇರಿಸುವುದು ಎಂದು ಯಾರಿಗೂ ತಿಳಿಯುವುದಿಲ್ಲ. ಇವತ್ತು ನಮ್ಮ ಕಚೇರಿಗಳು ಆ ತೊಂದರೆಯನ್ನು ಸುಲಭವಾಗಿ ಬಗೆಹರಿಸಿಕೊಂಡಿವೆ: ತಂದೆಯ ಜಾತಿ ಬರೆ, ಮುಂದಕ್ಕೆ ಹೋಗು.

ವಾಸ್ತವದಲ್ಲಿ ಹದಿನೆಂಟರ ಹುಡುಗ ಹುಡುಗಿಯರು ಜಾತಿಯ ಕಾಲಂ ತುಂಬುವುದೇ ಇಲ್ಲ. ಆರು ವರ್ಷದವರಿದ್ದಾಗಲೇ ಅದನ್ನು ಬೇರೆಯವರು ತುಂಬಿ ಆಗಿರುತ್ತದೆ. ಒಂದನೇ ತರಗತಿಯ ದಾಖಲಾತಿ ವಹಿಯಲ್ಲಿ ಮುಖ್ಯೋಪಾಧ್ಯಾಯರು ಕೇಳಿ ಬರೆದುಕೊಂಡದ್ದು ವರ್ಗಾವಣೆ ಪತ್ರಕ್ಕೆ ಹೋಗುತ್ತದೆ, ಅದನ್ನು ನೋಡಿ ಗ್ರಾಮ ಆಡಳಿತ ಅಧಿಕಾರಿ ವರದಿ ಬರೆಯುತ್ತಾರೆ, ಕಂದಾಯ ನಿರೀಕ್ಷಕರು ರುಜು ಹಾಕುತ್ತಾರೆ, ತಹಸೀಲ್ದಾರರ ಹೆಸರಿನಲ್ಲಿ ಪ್ರಮಾಣಪತ್ರ ಹೊರಬರುತ್ತದೆ. ಕಾಮಗಾರಿಯ ಎಂ.ಬಿ. ಪುಸ್ತಕ ಬರೆದವರಿಗೆ ಇದು ಗೊತ್ತು. ಮೊದಲ ಅಳತೆ ಹೇಗೆ ಬರೆದಿರುತ್ತಾರೋ ಕೊನೆಯ ಬಿಲ್ಲಿನ ತನಕ ಅದೇ ಸಾಗುತ್ತದೆ. ನಡುವೆ ಯಾರೂ ಜಾಗಕ್ಕೆ ಹೋಗಿ ಟೇಪು ಹಿಡಿಯುವುದಿಲ್ಲ.

ಕೆಲವು ತಿಂಗಳ ಹಿಂದೆ ಪತ್ರಿಕೆಗೆ ಒಬ್ಬ ತಾಯಿ ಬರೆದ ಕಾಗದ ಬಂತು. ಹೆಸರು, ಊರು ಇಲ್ಲಿ ಬೇಡ. ಆಕೆ ಮಾದಿಗ ಸಮುದಾಯದವರು, ಅಂಗನವಾಡಿ ಸಹಾಯಕಿ. ಮೆಚ್ಚಿ ಮದುವೆಯಾದ ಗಂಡ ಲಿಂಗಾಯತರು. ಮಗಳಿಗೆ ನಾಲ್ಕು ವರ್ಷವಾದಾಗ ಗಂಡ ತೀರಿಕೊಂಡರು. ಗಂಡನ ಮನೆಯವರು ಮಣ್ಣಿಗೂ ಸರಿಯಾಗಿ ಸೇರಿಸಲಿಲ್ಲ. ತಾಯಿ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದರು. ಹುಡುಗಿ ಬೆಳೆದದ್ದು ಅಜ್ಜಿಯ ಕೇರಿಯಲ್ಲಿ. ಶಾಲೆಯ ವಹಿಯಲ್ಲಿ ಮಾತ್ರ ‘ಲಿಂಗಾಯತ’. ಆ ಹುಡುಗಿಗೆ ಲಿಂಗದೀಕ್ಷೆ ಕೊಟ್ಟವರಿಲ್ಲ, ತಂದೆಯ ಮನೆಯ ಹೊಸ್ತಿಲು ದಾಟಿಸಿದವರಿಲ್ಲ, ಹೊಲದಲ್ಲಿ ಒಂದು ಗುಂಟೆ ಪಾಲಿಲ್ಲ. ಊರಿನ ಹೋಟೆಲಿನಲ್ಲಿ, ನಲ್ಲಿಯ ಹತ್ತಿರ ಆಕೆ ಯಾರ ಮಗಳೆಂದು ಎಲ್ಲರಿಗೂ ಗೊತ್ತು, ಅದಕ್ಕೆ ತಕ್ಕಂತೆಯೇ ನಡೆಸಿಕೊಂಡಿದ್ದಾರೆ. ತಾಯಿ ತನ್ನ ಜಾತಿಯ ಪ್ರಮಾಣಪತ್ರ ಕೇಳಲು ಹೋದರೆ ಕಚೇರಿಯಲ್ಲಿ ಸಿಕ್ಕ ಉತ್ತರ ಇಷ್ಟೇ: "ನಿಮ್ಮ ಯಜಮಾನರದು ಯಾವುದಮ್ಮ? ಮಗಳಿಗೂ ಅದೇ ಬರೋದು." ಹಾಗೆ ಆಕೆ 3ಬಿ ಆದಳು.

ಜಾತಿ ಬೇಡವೆಂದ ಶರಣರ ಹೆಸರನ್ನು ಹೊತ್ತವರು ನಾವು. ಬದುಕಿನಲ್ಲಿ ಆ ಹುಡುಗಿಗೆ ನಾವು ಕೊಡದೆ ಉಳಿಸಿಕೊಂಡ ಹೆಸರನ್ನು ಕಾಗದದಲ್ಲಿ ಮಾತ್ರ ಕೊಟ್ಟಿದ್ದೇವೆ. ಆಕೆಗೆ ನಿಜವಾಗಿ ಸಲ್ಲಬೇಕಾಗಿದ್ದ ಒಂದು ಸೀಟಿಗೆ ಅಡ್ಡ ಬರುವಷ್ಟು ಮಾತ್ರ ಕೊಟ್ಟಿದ್ದೇವೆ.

ಕಾನೂನು ಕಚೇರಿಯವರು ಹೇಳಿದಷ್ಟು ಸರಳವಾಗಿಲ್ಲ. 2012ರ ಜನವರಿಯಲ್ಲಿ ರಮೇಶ್‌ಭಾಯ್ ದಭಾಯ್ ನಾಯ್ಕ ಮತ್ತು ಗುಜರಾತ್ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಕೂಲಂಕಷವಾಗಿ ನೋಡಿತು. ಅಲ್ಲಿ ತಾಯಿ ಪರಿಶಿಷ್ಟ ಪಂಗಡದವರು, ತಂದೆ ಅಲ್ಲ. ಮಗುವಿಗೆ ತಂದೆಯ ಜಾತಿ ಎಂಬುದು ಮೊದಲ ಊಹೆ ಎಂದು ನ್ಯಾಯಾಲಯ ಒಪ್ಪಿತು. ಗಂಡ ಮುಂದುವರಿದ ಜಾತಿಯವನಾದರೆ ಆ ಊಹೆ ಇನ್ನೂ ಗಟ್ಟಿಯಾಗಬಹುದು ಎಂದೂ ಹೇಳಿತು. ಆದರೆ ಅದು ಊಹೆ, ಕೊನೆಯ ತೀರ್ಮಾನವಲ್ಲ. ತನ್ನನ್ನು ಬೆಳೆಸಿದ್ದು ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿ, ತಂದೆಯ ಜಾತಿಯಿಂದ ತನಗೆ ಯಾವ ಅನುಕೂಲವೂ ಸಿಗಲಿಲ್ಲ, ತಾಯಿಯ ಜನ ಉಂಡ ಅವಮಾನ, ಕೊರತೆಗಳನ್ನೇ ತಾನೂ ಉಂಡಿದ್ದೇನೆ, ಆ ಜನರೂ ಹೊರಗಿನವರೂ ತನ್ನನ್ನು ಆ ಸಮುದಾಯದವನೆಂದೇ ಕಂಡಿದ್ದಾರೆ ಎಂದು ಸಾಕ್ಷ್ಯ ಸಮೇತ ತೋರಿಸಲು ಮಗುವಿಗೆ ಅವಕಾಶವಿದೆ. ಅಂದರೆ ಪ್ರತಿ ಪ್ರಕರಣದಲ್ಲೂ ಜಾಗಕ್ಕೆ ಹೋಗಿ ಅಳೆಯಬೇಕು. ಮೇಲಿನ ತಾಯಿಯ ಮಗಳಿಗೆ ಹೊಲಿದು ಕೊಟ್ಟಂತಿದೆ ಈ ತೀರ್ಪು. ಬಂದು ಹೋಗಿ ಹದಿಮೂರು ವರ್ಷಗಳ ಮೇಲಾಯಿತು. ಎಷ್ಟು ತಾಲೂಕು ಕಚೇರಿಗಳ ಮೇಜಿನ ಮೇಲೆ ಅದರ ಪ್ರತಿ ಇದೆ?

ಹಾಗಾಗಿ ಇಂಥ ಮನೆಯವರಿಗೆ ನಾವು ಹೇಳುವುದು: ಬಾಯಿಮಾತಿನ ನಿರಾಕರಣೆಗೆ ಹಿಂತಿರುಗಬೇಡಿ. ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ತಡಮಾಡದೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಿ. ತಾಯಿಯ ಜಾತಿ ಪ್ರಮಾಣಪತ್ರ, ಮಗು ಯಾರ ಮನೆಯಲ್ಲಿ ಬೆಳೆದದ್ದೆಂದು ತೋರಿಸುವ ಪಡಿತರ ಚೀಟಿ, ಶಾಲೆಯಲ್ಲಿ ಪಾಲಕರೆಂದು ಯಾರ ರುಜು ಇದೆ ಎಂಬುದು, ನೆರೆಹೊರೆಯವರ ಹೇಳಿಕೆ, ಇವೆಲ್ಲ ಕೂಡಿದರೆ ಒಂದು ಮಹಜರು ಆಗುತ್ತದೆ. ಈ ಕೆಲಸ ಅರ್ಜಿಯ ಕೊನೆಯ ವಾರದಲ್ಲಿ ಆಗುವುದಲ್ಲ. ಮಗು ಎಂಟನೇ ತರಗತಿಯಲ್ಲಿರುವಾಗಲೇ ಶುರುಮಾಡಬೇಕು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ತಂದೆ ಕ್ಲಾಸ್ ಒನ್ ಅಧಿಕಾರಿ, ಊರಲ್ಲಿ ತೋಟ, ಪೇಟೆಯಲ್ಲಿ ಬಂಗಲೆ. ಮಗ ಬೆಳೆದದ್ದು ತಂದೆಯ ಬಳಗದಲ್ಲಿ, ಹೆಸರಿನ ಹಿಂದೆ ತಂದೆಯ ಮನೆತನ. ಸೀಟಿನ ಸಮಯ ಬಂದಾಗ ಮಾತ್ರ ತಾಯಿಯ ಜಾತಿ ನೆನಪಾಗುತ್ತದೆ. ಇದು ನಡೆಯುತ್ತಿರುವುದು ನಮಗೆಲ್ಲ ಗೊತ್ತು, ನಮ್ಮವರಲ್ಲೂ ಇದ್ದಾರೆ. ಇಂಥದ್ದಕ್ಕೆ 1996ರಷ್ಟು ಹಿಂದೆಯೇ, ವಲ್ಸಮ್ಮ ಪಾಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ದಾರಿ ತೋರಿಸಿದೆ. ಸಿರಿಯನ್ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಮಹಿಳೆ ಹಿಂದುಳಿದ ಲ್ಯಾಟಿನ್ ಕ್ಯಾಥೊಲಿಕರನ್ನು ಮದುವೆಯಾಗಿ, ಅವರಿಗೆ ಮೀಸಲಾದ ಉಪನ್ಯಾಸಕ ಹುದ್ದೆ ಕೇಳಿದರು. ಮುಂದುವರಿದ ಮನೆಯ ಅನುಕೂಲದಲ್ಲಿ ಬೆಳೆದವರಿಗೆ ಮದುವೆಯೊಂದರಿಂದಲೇ ಮೀಸಲಾತಿ ಹುಟ್ಟುವುದಿಲ್ಲ ಎಂದಿತು ನ್ಯಾಯಾಲಯ. ಎರಡೂ ತೀರ್ಪುಗಳಲ್ಲಿ ಅಳತೆಗೋಲು ಒಂದೇ: ರಕ್ತವನ್ನಲ್ಲ, ಬಾಳಿದ ಬಾಳನ್ನು ನೋಡು.

ಒಂದೇ ಕಾಲಮ್ಮಿನ ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮ ಬಂಧುಗಳ ಮನೆಗಳಲ್ಲಿ ಈಗ ಬಿಳಿಯ, ಕರಿಯ, ಚೀನೀ ಮೂಲದ ಸೊಸೆ ಅಳಿಯಂದಿರಿದ್ದಾರೆ. ಅವರ ಮಕ್ಕಳಿಗೂ ಕಾಲೇಜಿನ ಅರ್ಜಿಯಲ್ಲಿ ಜನಾಂಗದ ಚೌಕ ಎದುರಾಗುತ್ತದೆ. ಅಲ್ಲಿ ಬೇರೆ ಬೇರೆ ಜನಾಂಗದವರ ಮದುವೆಯನ್ನು ಕೆಲವು ರಾಜ್ಯಗಳು ಅಪರಾಧವೆಂದು ಹೇಳುವುದು ನಿಂತದ್ದೇ 1967ರಲ್ಲಿ, ಲವಿಂಗ್ ದಂಪತಿಗಳ ಪ್ರಕರಣದ ತೀರ್ಪಿನಿಂದ. ಅದಾಗಿ ಮೂವತ್ತು ವರ್ಷ ಕಳೆದರೂ ಸರ್ಕಾರಿ ನಮೂನೆಗಳು ‘ಒಂದಕ್ಕೆ ಮಾತ್ರ ಗುರುತು ಹಾಕಿ’ ಎನ್ನುತ್ತಿದ್ದವು. 1997ರಲ್ಲಿ ನಿಯಮ ಬದಲಾಯಿತು. 2000ದ ಜನಗಣತಿಯಲ್ಲಿ ಮೊದಲ ಸಲ ಎಷ್ಟು ಚೌಕಕ್ಕಾದರೂ ಗುರುತು ಹಾಕಬಹುದಾಯಿತು. ಆ ವರ್ಷ ಒಂದಕ್ಕಿಂತ ಹೆಚ್ಚು ಜನಾಂಗ ಬರೆಸಿದವರು ಸುಮಾರು 68 ಲಕ್ಷ, ಅಂದರೆ ಶೇ 2.4. 2020ರಲ್ಲಿ ಅದು 3.38 ಕೋಟಿ, ಶೇ 10.2. ಇಷ್ಟು ಏರಿಕೆಗೆ ಜನರಲ್ಲಾದ ಬದಲಾವಣೆಯ ಜೊತೆಗೆ ಪ್ರಶ್ನೆ ಕೇಳುವ, ಉತ್ತರ ವಿಂಗಡಿಸುವ ವಿಧಾನ ಬದಲಾದದ್ದೂ ಕಾರಣ ಎಂದು ಗಣತಿ ಇಲಾಖೆಯೇ ಹೇಳಿತು. ನನ್ನಂಥ ಇಂಜಿನಿಯರಿಗೆ ಇದು ಬಹಳ ಇಷ್ಟವಾದ ಸಂಗತಿ. ಮಾಪಕ ಬದಲಿಸಿದರೆ ಅಳತೆ ಬದಲಾಗುತ್ತದೆ. ಇಲ್ಲದವರೆಂದುಕೊಂಡಿದ್ದವರು ಇರುವುದು ಕಾಣುತ್ತದೆ.

ಹಾಗೆಂದು ಅಲ್ಲಿ ಎಲ್ಲವೂ ನೇರವಾಯಿತೆಂದಲ್ಲ. ತಂದೆ ಕಪ್ಪು ಜನಾಂಗದವರು, ತಾಯಿ ಕನ್ನಡತಿ ಎಂದು ಎರಡಕ್ಕೂ ಗುರುತು ಹಾಕಿದ ವಿದ್ಯಾರ್ಥಿಯನ್ನು ಶಿಕ್ಷಣ ಇಲಾಖೆಯ ವರದಿಗಳು ಎರಡರಲ್ಲೂ ಎಣಿಸುವುದಿಲ್ಲ, ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಮೂರನೆಯ ಡಬ್ಬಿಗೆ ಹಾಕುತ್ತವೆ. ಏಷ್ಯಾದವರೆಂದು ತೋರಿಸಿಕೊಂಡರೆ ಸೀಟು ಕಷ್ಟ ಎಂಬ ಭಯದಿಂದ ಮಿಶ್ರ ಮನೆಯ ಎಷ್ಟೋ ಮಕ್ಕಳು ಆ ಚೌಕವನ್ನು ಖಾಲಿ ಬಿಡುತ್ತಿದ್ದರು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನೇ ತೆಗೆದುಹಾಕಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಕಾಲೇಜು ಅದನ್ನು ಓದಬಹುದು ಎಂದು ಮುಖ್ಯ ನ್ಯಾಯಮೂರ್ತಿಗಳು ಸೇರಿಸಿದರು. ಆ ತೀರ್ಪಿನಿಂದ ಕಪ್ಪು ಜನರ ಮಕ್ಕಳಿಗೆ ನಷ್ಟವೆಂದೇ ನನ್ನ ಅಭಿಪ್ರಾಯ. ಶತಮಾನಗಳ ಬಾಕಿಯನ್ನು ಅಷ್ಟು ಬೇಗ ಚುಕ್ತಾ ಮಾಡಲಾಗದು. ಆದರೂ ಚೌಕಕ್ಕಿಂತ ಬಾಳು ದೊಡ್ಡದೆಂಬ ಆ ಒಂದು ಮಾತು ನಮ್ಮ 2012ರ ತೀರ್ಪಿನ ಮಾತೇ.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ಹೆಸರು ಕೃಷ್ಣೆಯದೇ. ನಾರಾಯಣಪುರದ ಬಸವಸಾಗರದಲ್ಲಿ ನಿಂತ ನೀರಿನಲ್ಲಿ ಮಲಪ್ರಭೆಯದು ಇಲ್ಲವೆಂದು ಯಾವ ಇಂಜಿನಿಯರೂ ಹೇಳುವುದಿಲ್ಲ. ಎರಡೂ ನದಿಗಳ ಒಳಹರಿವನ್ನು ಬೇರೆ ಬೇರೆ ಬರೆದು ಕೂಡಿಸಿದರೇ ಜಲಾಶಯದ ಲೆಕ್ಕ ಸರಿಬರುವುದು. ಅರ್ಜಿ ನಮೂನೆಗೂ ಅಷ್ಟೇ ಸಾಕು. ತಂದೆಯ ಜಾತಿ ಒಂದು ಸಾಲು, ತಾಯಿಯ ಜಾತಿ ಒಂದು ಸಾಲು, ಯಾವುದರ ಆಧಾರದಲ್ಲಿ ಮೀಸಲಾತಿ ಕೇಳುತ್ತೀರಿ ಎಂದು ಮೂರನೆಯ ಸಾಲು. ಕಂಪ್ಯೂಟರಿಗೆ ಇದು ಅರ್ಧ ದಿನದ ಕೆಲಸ.

ನಮ್ಮ ಚಳವಳಿಯ ಒಳಗೇ ಕೇಳಿಬರುವ ಇನ್ನೊಂದು ಸಲಹೆ ಇದೆ: ಜಾತಿಯ ಕಾಲಂ ಖಾಲಿ ಬಿಡಿ, ಅಲ್ಲಿಗೆ ಜಾತಿ ಮುಗಿಯಿತು. ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ 2019ರಲ್ಲಿ ‘ಜಾತಿ ಇಲ್ಲ, ಧರ್ಮ ಇಲ್ಲ’ ಎಂಬ ಪ್ರಮಾಣಪತ್ರವನ್ನು ತಹಸೀಲ್ದಾರರಿಂದಲೇ ಪಡೆದಾಗ ನಾವೂ ಸಂತೋಷಪಟ್ಟೆವು. ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು, ಗೌರವಕ್ಕೆ ಅರ್ಹ. ಆದರೆ ಖಾಲಿ ಬಿಟ್ಟ ಕಾಲಮ್ಮಿಗೆ ಸಾಮಾನ್ಯ ವರ್ಗದ ಸೀಟು ಮಾತ್ರ. ಅದರ ಬೆಲೆ ತೆರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನೌಕರಿ, ಪಿಂಚಣಿ, ಸೈಟು ಎಲ್ಲ ಆದ ಮೇಲೆ ನಮ್ಮಂಥವರು ಮೊಮ್ಮಗನ ಅರ್ಜಿಯಲ್ಲಿ ಕಾಲಂ ಖಾಲಿ ಬಿಡಬಹುದು, ಬಿಡಲೂಬೇಕು. ಅಂಗನವಾಡಿ ಸಹಾಯಕಿಯ ಮಗಳಿಗೆ ಅದೇ ಉಪದೇಶ ಮಾಡುವ ಹಕ್ಕು ನಮಗಿಲ್ಲ.

ಧರ್ಮದ ಕಾಲಮ್ಮಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ‘ಧರ್ಮದ ಜಾಗದಲ್ಲಿ ಲಿಂಗಾಯತ ಎಂದು ಬರೆಸಿ’ ಎಂದು ನಮ್ಮವರು ಊರೂರು ಸುತ್ತಿ ಹೇಳಿದರು. ಅದು ನಮ್ಮ ನಿಲುವು, ಅದರಲ್ಲಿ ಹಿಂಜರಿಕೆಯಿಲ್ಲ. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶ ಧರ್ಮವನ್ನು ನೋಡುತ್ತದೆ. ಮೊದಲು ಹಿಂದೂಗಳಿಗೆ ಮಾತ್ರವಿದ್ದ ಆ ಪಟ್ಟಿ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆಯಿತು, ಅಲ್ಲಿಗೆ ನಿಂತಿದೆ. ನಾಳೆ ಲಿಂಗಾಯತಕ್ಕೆ ಸ್ವತಂತ್ರ ಧರ್ಮದ ಮಾನ್ಯತೆ ದೊರೆತು ಆ ಆದೇಶ ಹೀಗೇ ಉಳಿದರೆ, ಇಷ್ಟಲಿಂಗ ಧರಿಸಿದ ದಲಿತ ಮನೆಯ ಮಗು, ದಲಿತ ತಾಯಿಯ ಲಿಂಗಾಯತ ಮಗು, ತಮ್ಮ ಪ್ರಮಾಣಪತ್ರ ಕಳೆದುಕೊಳ್ಳಬೇಕಾದೀತು. ಲಿಂಗ ಕಟ್ಟಿಕೊಂಡದ್ದಕ್ಕೆ ಸೀಟು ಹೋಯಿತು ಎಂಬ ಮಾತು ನಮ್ಮ ಬಾಗಿಲಿಗೆ ಬರಬಾರದು. ಸ್ವತಂತ್ರ ಧರ್ಮದ ಮನವಿ ಬರೆಯುವ ಹಿರಿಯರು ಅದೇ ಕಾಗದದಲ್ಲಿ, ಬೌದ್ಧರಿಗಾದ ತಿದ್ದುಪಡಿ ನಮ್ಮಲ್ಲಿಯ ದಲಿತರಿಗೂ ಆಗಬೇಕೆಂದು ಒಂದು ಕಲಮು ಸೇರಿಸಲಿ. ಇದುವರೆಗೆ ನಾನು ಓದಿದ ಮನವಿಗಳಲ್ಲಿ ಆ ಕಲಮು ಕಂಡಿಲ್ಲ.

ಸರ್ಕಾರದ ನಮೂನೆಯ ಮಾತಾಯಿತು. ನಮ್ಮದೇ ನಮೂನೆಗಳ ಕಥೆ ಏನು? ಲಿಂಗಾಯತರೊಳಗೇ ಕಾಯಕದ ಹೆಸರಿನ ಪಂಗಡಗಳು ಬೇರೆ ಬೇರೆ ಪ್ರವರ್ಗಗಳಲ್ಲಿವೆ. ಹಡಪದ, ಕುಂಬಾರ, ಮಡಿವಾಳ 2ಎ. ಲಿಂಗಾಯತ ಎಂದು ಬರೆದವರು 3ಬಿ. ಒಂದಕ್ಕೆ ಶೇ 15, ಇನ್ನೊಂದಕ್ಕೆ ಶೇ 5. ಹಡಪದ ತಂದೆಗೂ ಬಣಜಿಗ ತಾಯಿಗೂ ಹುಟ್ಟಿದ ಮಗು ಒಂದು ಪ್ರವರ್ಗ, ಬಣಜಿಗ ತಂದೆಗೂ ಹಡಪದ ತಾಯಿಗೂ ಹುಟ್ಟಿದ ಮಗು ಇನ್ನೊಂದು. ಇದು ಸರ್ಕಾರದ ಲೆಕ್ಕ, ಅದಕ್ಕೊಂದು ಉದ್ದೇಶವಿದೆ. ಆದರೆ ನಮ್ಮ ವಿದ್ಯಾಸಂಸ್ಥೆಗಳ, ಪ್ರಸಾದನಿಲಯಗಳ ಅರ್ಜಿಯಲ್ಲಿ ‘ಒಳಪಂಗಡ’ ಎಂಬ ಕಾಲಂ ಯಾತಕ್ಕೆ? ಮಗುವಿಗೆ ಊಟ ಹಾಕಲು, ಚಾಪೆ ಕೊಡಲು ಆ ಮಾಹಿತಿ ಬೇಕೆ? ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಮತದ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದನ್ನು ನಾಡು ಕಂಡಿದೆ. ಬಳಸದ ಮಾಹಿತಿಯನ್ನು ಕೇಳಬಾರದು ಎಂಬುದು ಇಲಾಖೆಯಲ್ಲಿ ನಮೂನೆ ತಯಾರಿಸುವವರಿಗೆ ಹಿರಿಯರು ಹೇಳಿಕೊಡುತ್ತಿದ್ದ ಮೊದಲ ಪಾಠ. ಬಳಸುವುದಿಲ್ಲವಾದರೆ ತೆಗೆಯಿರಿ. ಬಳಸುತ್ತೀರಾದರೆ, ಯಾವುದಕ್ಕೆ ಎಂದು ಹೇಳಿ.

ಮುಂದಿನ ಶೈಕ್ಷಣಿಕ ವರ್ಷದ ಅರ್ಜಿಗಳು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ. ಮಠಗಳ ಆಡಳಿತ ಮಂಡಳಿಯವರು, ಕಾರ್ಯದರ್ಶಿಗಳು ತಮ್ಮ ಶಾಲೆ, ಕಾಲೇಜು, ಪ್ರಸಾದನಿಲಯದ ಅರ್ಜಿ ನಮೂನೆಯ ಒಂದೊಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕೆಂದು ವಿನಂತಿ. ಒಳಪಂಗಡದ ಕಾಲಂ ತೆಗೆದವರ ಹೆಸರನ್ನೂ, ತಾಯಿಯ ಸಾಲು ಸೇರಿಸಿದವರ ಹೆಸರನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಅಂತರ್ಜಾತಿ ದಂಪತಿಗಳ ಮಕ್ಕಳ ಪ್ರಮಾಣಪತ್ರದ ವಿಷಯದಲ್ಲಿ ನೆರವು ಬೇಕಾದವರು ಕಾಗದ ಬರೆಯಲಿ. ನಮ್ಮ ಬಳಗದ ಇಬ್ಬರು ವಕೀಲರು ಉಚಿತವಾಗಿ ಮೇಲ್ಮನವಿ ಬರೆದುಕೊಡಲು ಒಪ್ಪಿದ್ದಾರೆ.